ನೂರಕ್ಕೆ ನೂರು ಅನ್ನೋಕೆ ಆಗಲಿಲ್ಲ

"ಕ್ರೈಸ್ತ ಧರ್ಮ ಸುಳ್ಳು ಅಂತ ನಿನಗೆ ನೂರಕ್ಕೆ ಎಷ್ಟು ಖಾತ್ರಿ?" ಅಂತ ಗೆಳೆಯ ಕೇಳಿದ. ಅವನು ನಂಬುವವನು, ನಾನು ನಂಬದವನು. ಇಬ್ಬರಿಗೂ ವಾದದ ಚಟ. "ನೂರಕ್ಕೆ ನೂರು" ಅಂದುಬಿಟ್ಟೆ.

"ಹಾಗಾದ್ರೆ ಯೇಸು ಈಗ ಬಂದು ನಿನ್ನ ಎದುರು ನಿಂತರೂ ನಂಬಲ್ಲ, ಅಲ್ವಾ?"

ನಕ್ಕು ಮಾತು ಬದಲಿಸಿದೆ. ಆದರೆ ರಾತ್ರಿ ಅದೇ ಕೊರೆಯುತ್ತಿತ್ತು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಸಂಗತಿಯ ಸಾಧ್ಯತೆ ಸೊನ್ನೆ ಅಂತ ಒಮ್ಮೆ ಬರೆದುಕೊಂಡರೆ, ಆಮೇಲೆ ಎಂಥ ಸಾಕ್ಷಿ ಬಂದರೂ ಅದು ಸೊನ್ನೆಯಾಗೇ ಇರುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ತಾನೇ. ಸಂಖ್ಯಾಶಾಸ್ತ್ರದಲ್ಲಿ ಹಾಗೆ ಬರೆಯಬೇಡಿ ಅನ್ನುವ ಎಚ್ಚರಿಕೆಗೆ ಕ್ರಾಮ್‌ವೆಲ್ ನಿಯಮ ಅನ್ನುವ ಹೆಸರಿದೆ. 1650ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್ ಸ್ಕಾಟ್ಲೆಂಡಿನ ಚರ್ಚ್ ಸಭೆಗೆ ಪತ್ರ ಬರೆದು, ನೀವು ತಪ್ಪಿರಬಹುದು ಅಂತ ಒಮ್ಮೆ ಯೋಚಿಸಿ ನೋಡಿ ಎಂದು ಕ್ರಿಸ್ತನ ಹೆಸರಿನಲ್ಲೇ ಬೇಡಿಕೊಂಡಿದ್ದ. ನನ್ನಂಥವನಿಗೆ ಬುದ್ಧಿ ಹೇಳೋಕೆ ಆ ಪತ್ರವೇ ಬೇಕಾಯಿತು.

ಸರಿ, ಸೊನ್ನೆ ಅಲ್ಲ. ಹಾಗಾದರೆ ಎಷ್ಟು? ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಮೊದಲು ನಾನು ಯಾಕೆ ನಂಬುವುದಿಲ್ಲ ಅಂತ ಕಾರಣ ಬರೆದೆ. ಬರೆದದ್ದನ್ನು ಒಂದೊಂದಾಗಿ ಪರೀಕ್ಷಿಸಿದಾಗ ಮುಖ ಸಣ್ಣಗಾಯಿತು. "ಯೇಸು ಅನ್ನೋ ಮನುಷ್ಯನೇ ಇರಲಿಲ್ಲ" ಅಂತ ಬರೆದಿದ್ದೆ. ಇತಿಹಾಸಕಾರರಲ್ಲಿ ಬಹುಪಾಲು ಜನ, ನಂಬದವರೂ ಸೇರಿ, ಹಾಗೊಬ್ಬ ಇದ್ದ, ಅವನನ್ನು ಶಿಲುಬೆಗೆ ಏರಿಸಿದರು ಅಂತ ಒಪ್ಪುತ್ತಾರೆ. ಕ್ರೈಸ್ತರನ್ನು ಕಂಡರೆ ಆಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಅವನಿಗೆ ಮರಣದಂಡನೆ ಆಯಿತು ಎಂದು ಬರೆದಿದ್ದಾನೆ. "ಚರ್ಚಿನ ಹಿರಿಯರು ಸೇರಿದ್ದ 325ರ ನೈಸಿಯಾ ಸಭೆಯಲ್ಲಿ ಬೈಬಲಿಗೆ ಯಾವ ಪುಸ್ತಕ ಸೇರಬೇಕು ಅಂತ ಮತ ಹಾಕಿದರು" ಅಂತಲೂ ಬರೆದಿದ್ದೆ. ಅದೂ ಸುಳ್ಳು. ಅಲ್ಲಿ ನಡೆದ ದೊಡ್ಡ ಜಗಳ ಮಗನು (ಯೇಸು) ತಂದೆಗೆ (ದೇವರಿಗೆ) ಸಮಾನನೇ ಅನ್ನುವುದರ ಮೇಲೆ. ಈ ಎರಡನ್ನೂ ನಾನು ವರ್ಷಗಟ್ಟಲೆ ಜೋರು ದನಿಯಲ್ಲಿ ಹೇಳಿಕೊಂಡು ಬಂದಿದ್ದೆ. ಯಾರೋ ಹೇಳಿದ್ದು, ಕೇಳೋಕೆ ಚೆನ್ನಾಗಿತ್ತು, ನಂಬಿದೆ. ಇದನ್ನೇ ತಾನೇ ನಾನು ಅವನ ಮೇಲೆ ಹೊರಿಸುತ್ತಿದ್ದದ್ದು!

ಇನ್ನೊಂದು ಕಾರಣ ಸುಳ್ಳಾಗಿರಲಿಲ್ಲ, ಆದರೆ ತೂಕ ಕಡಿಮೆ ಇತ್ತು. ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ಅರಸನ ಕಾಲದಲ್ಲಿ. ಹೆರೋದ ಸತ್ತದ್ದು ಸುಮಾರು ಕ್ರಿ.ಪೂ. 4ರಲ್ಲಿ. ಅದೇ ಕತೆ ಹೇಳುವ ಲೂಕ ಆ ಹುಟ್ಟನ್ನು ರೋಮನ್ ಅಧಿಕಾರಿ ಕುರೇನ್ಯನ ಜನಗಣತಿಗೆ ಜೋಡಿಸುತ್ತಾನೆ. ಅದು ನಡೆದದ್ದು ಕ್ರಿ.ಶ. 6ರಲ್ಲಿ. ಹತ್ತಿರ ಹತ್ತು ವರ್ಷದ ವ್ಯತ್ಯಾಸ. ಇದನ್ನು ನಾನು ದೊಡ್ಡ ಬಾಂಬು ಅಂದುಕೊಂಡಿದ್ದೆ. ಆದರೆ ಇದರಿಂದ ಬೀಳುವುದು ಬೈಬಲಿನಲ್ಲಿ ಒಂದಕ್ಷರ ತಪ್ಪಿಲ್ಲ ಅನ್ನುವ ಮಾತು ಅಷ್ಟೇ. ಲೂಕ ಇಸವಿ ತಪ್ಪಾಗಿ ಹೇಳಿದ ಮಾತ್ರಕ್ಕೆ ಸತ್ತವನು ಎದ್ದಿಲ್ಲ ಅಂತ ಆಗುವುದಿಲ್ಲ.

ಹಾಗಾಗಿ ಒಂದೇ ಪ್ರಶ್ನೆಗೆ ಬಂದೆ. ಪುನರುತ್ಥಾನ, ಅಂದರೆ ಸತ್ತ ಯೇಸು ಮತ್ತೆ ಎದ್ದು ಬಂದದ್ದು, ನಡೆಯಿತೇ? ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲಿ ಒಬ್ಬನಾದ ಪೌಲನೂ ಅದನ್ನೇ ಪಣಕ್ಕಿಟ್ಟಿದ್ದಾನೆ: ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಅನ್ನುತ್ತಾನೆ.

ಲೆಕ್ಕಕ್ಕೆ ಬಳಸಿದ್ದು ಬೇಯ್ಸ್ ಸೂತ್ರ, ಅಂದರೆ ಹೊಸ ಸಾಕ್ಷಿ ಬಂದಾಗ ಸಾಧ್ಯತೆಯನ್ನು ಎಷ್ಟು ಬದಲಿಸಬೇಕು ಅಂತ ಹೇಳುವ ಸೂತ್ರ. (ಥಾಮಸ್ ಬೇಯ್ಸ್ ಸ್ವತಃ ಚರ್ಚಿನ ಸಭಾಪಾಲಕ. ಅವನು ಸತ್ತ ಮೇಲೆ 1763ರಲ್ಲಿ ಇದನ್ನು ಅಚ್ಚಿಗೆ ತಂದ ರಿಚರ್ಡ್ ಪ್ರೈಸ್ ಕೂಡ ಸಭಾಪಾಲಕ. ನನ್ನ ಆಯುಧ ಅವರ ಮನೆಯದೇ.) ಸಾಕ್ಷಿ ನೋಡುವ ಮುಂಚೆ ಸಾಧ್ಯತೆ ಎಷ್ಟಿತ್ತು ಅಂತ ಮೊದಲು ಹೇಳಬೇಕು. ಇಷ್ಟು ಕೋಟಿ ಜನ ಸತ್ತಿದ್ದಾರೆ, ಯಾರೂ ಎದ್ದಿಲ್ಲ, ಆದ್ದರಿಂದ ಅಷ್ಟು ಕೋಟಿಯಲ್ಲಿ ಒಂದು ಅಂತ ಮೊದಲು ಬರೆದೆ. ಆಮೇಲೆ ಹೊಡೆದು ಹಾಕಿದೆ. ಗೆಳೆಯ ಯಾರೋ ಒಬ್ಬ ಸುಮ್ನೆ ಎದ್ದು ಬಂದ ಅನ್ನುತ್ತಿಲ್ಲವಲ್ಲ. ದೇವರು ಬೇಕೆಂದೇ ಈ ಒಬ್ಬನನ್ನು ಎಬ್ಬಿಸಿದ ಅನ್ನುತ್ತಾನೆ. ಹಾಗಾದರೆ ಕೇಳಬೇಕಾದದ್ದು, ಲೋಕದಲ್ಲಿ ಕೈಹಾಕುವ ದೇವರು ಇರುವ ಸಾಧ್ಯತೆ ಎಷ್ಟು, ಇದ್ದರೆ ಇದನ್ನೇ ಮಾಡುವ ಸಾಧ್ಯತೆ ಎಷ್ಟು ಅಂತ. ಮೊದಲನೆಯದಕ್ಕೆ ಹತ್ತರಲ್ಲಿ ಒಂದು, ಎರಡನೆಯದಕ್ಕೆ ಸಾವಿರದಲ್ಲಿ ಒಂದು ಕೊಟ್ಟೆ. ಒಟ್ಟು ಹತ್ತು ಸಾವಿರದಲ್ಲಿ ಒಂದು. ಈ ಅಂಕಿಗಳು ಆಕಾಶದಿಂದ ಇಳಿದದ್ದಲ್ಲ, ನನ್ನ ಅಂದಾಜು.

ಆಮೇಲೆ ಸಾಕ್ಷಿ. ಇಲ್ಲಿ ವಾರಗಟ್ಟಲೆ ಕಳೆದೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. 55ರದು, ಅಂದರೆ ಶಿಲುಬೆಯಾಗಿ ಹೆಚ್ಚುಕಡಿಮೆ 25 ವರ್ಷಕ್ಕೆ. ಅದರಲ್ಲಿ ಎದ್ದ ಯೇಸುವನ್ನು ನೋಡಿದವರ ಪಟ್ಟಿ ಇದೆ: ಪೇತ್ರ, ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕಿಂತ ಜಾಸ್ತಿ ಸಹೋದರರು, ಯಾಕೋಬ, ಕೊನೆಗೆ ಪೌಲ ತಾನೇ. ಇದು ಬೇಗ ಬರೆದ ಸಾಕ್ಷಿ, ತಳ್ಳಿಹಾಕುವಂತಿಲ್ಲ. ಪೌಲ ಮೊದಲು ಯೇಸುವಿನ ಅನುಯಾಯಿಗಳನ್ನು ಹಿಂಸಿಸುತ್ತಿದ್ದವನು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಆದರೆ ಐನೂರು ಜನ ನೋಡಿದರು ಅಂತ ಒಬ್ಬ ಬರೆದರೆ ಅದು ಒಂದು ಸಾಕ್ಷಿ, ಐನೂರಲ್ಲ. ಸತ್ತ ಆಪ್ತರು ಎದುರಿಗೆ ಬಂದಂತೆ ಕಾಣುವುದು ದುಃಖದಲ್ಲಿರುವವರಿಗೆ ಅಪರೂಪವೂ ಅಲ್ಲ. ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕತೆ ಹೆಂಗಸರು ಹೆದರಿ ಓಡಿಹೋಗುವಲ್ಲಿಗೇ ನಿಲ್ಲುತ್ತದೆ, ಎದ್ದ ಯೇಸು ಯಾರಿಗೂ ಕಾಣಿಸುವುದಿಲ್ಲ.

ಎಲ್ಲ ಕೂಡಿ ಕಳೆದು, ಈ ಸಾಕ್ಷಿಗಳು ಸಾಧ್ಯತೆಯನ್ನು ಇಪ್ಪತ್ತು ಪಟ್ಟು ಏರಿಸುತ್ತವೆ ಅಂದುಕೊಂಡೆ. ಐನೂರರಲ್ಲಿ ಒಂದಾಯಿತು. ಎದುರು ಪಕ್ಕದಲ್ಲಿ ಲೋಕದ ನೋವು ಇದೆ. "ಈ ಸಂತತಿ ಅಳಿದುಹೋಗುವ ಮೊದಲೇ" ಲೋಕದ ಅಂತ್ಯದ ಇದೆಲ್ಲ ಆಗುತ್ತದೆ ಅಂತ ಯೇಸು ಅಂದ ಮಾತು ಇದೆ. ಆ ಸಂತತಿ ಅಳಿದು ಎಷ್ಟೋ ಕಾಲವಾಯಿತು, ಅಂತ್ಯ ಬರಲಿಲ್ಲ. ಇದಕ್ಕೆ ವಿದ್ವಾಂಸರು ಕೊಡುವ ಬೇರೆ ಅರ್ಥಗಳನ್ನೂ ಓದಿದೆ, ಒಪ್ಪಿಗೆಯಾಗಲಿಲ್ಲ. ಹತ್ತು ಪಟ್ಟು ಇಳಿಸಿದೆ. ಐದು ಸಾವಿರದಲ್ಲಿ ಒಂದು. ಶೇಕಡಾ 99.98 ಖಾತ್ರಿ. ಖುಷಿಯಾಯಿತು.

ಆ ಖುಷಿ ಮೂರು ದಿನ ಇತ್ತು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಾನು "ಇದು ಖಂಡಿತ" ಅಂತ ಗುರುತು ಹಾಕಿಕೊಂಡ ದಿನದಿನದ ವಿಷಯಗಳಿದ್ದವು. ಯಾರು ಫೋನ್ ಮಾಡುತ್ತಾರೆ, ಯಾವ ಕೆಲಸ ಎಂದು ಮುಗಿಯುತ್ತದೆ, ಇಂಥವು. ನೂರಕ್ಕೆ 99 ಅಂದಿದ್ದ ನಲವತ್ತರಲ್ಲಿ ಮೂರು ತಪ್ಪಾಗಿದ್ದವು. ಫೋನ್ ವಿಷಯದಲ್ಲೇ ಹೀಗಾದರೆ ದೇವರ ವಿಷಯದಲ್ಲಿ ಐದು ಸಾವಿರಕ್ಕೆ ಒಂದೇ ತಪ್ಪು ಮಾಡುತ್ತೇನೆ ಅಂತ ಯಾವ ಬಾಯಲ್ಲಿ ಹೇಳಲಿ? ನೈಸಿಯಾ ವಿಷಯದಲ್ಲೂ ನನಗೆ ಪೂರ್ತಿ ಖಾತ್ರಿಯೇ ಇತ್ತು.

ಹಾಗಾಗಿ ಇನ್ನೊಂದು ಸಾಲು ಸೇರಿಸಿದೆ: ನನ್ನ ಲೆಕ್ಕದ ದಾರಿಯೇ ಬುಡದಿಂದ ತಪ್ಪಿರುವ ಸಾಧ್ಯತೆ. ಕಡಿಮೆಯೆಂದರೂ ನೂರರಲ್ಲಿ ಒಂದು. ಅದು ತಪ್ಪಿದ್ದರೆ ಆಗ ನನಗೆ ಏನೂ ಗೊತ್ತಿಲ್ಲ, ಅರ್ಧಕ್ಕರ್ಧ ಅಂತ ಇಟ್ಟುಕೊಂಡೆ. ಇನ್ನೂರರಲ್ಲಿ ಒಂದಾಯಿತು. ಅಷ್ಟು ಶ್ರಮಪಟ್ಟು ಮಾಡಿದ ಐದು ಸಾವಿರದ ಲೆಕ್ಕವನ್ನು ಈ ಒಂದೇ ಸಾಲು ನುಂಗಿಬಿಟ್ಟಿತು. ಇನ್ನು ಹಸ್ತಪ್ರತಿಗಳ ಬಗ್ಗೆ ಎಷ್ಟು ಓದಿದರೂ ನನ್ನ ಖಾತ್ರಿ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಗೆಳೆಯನಿಗೆ ತೋರಿಸಿದೆ. "ಇನ್ನೂರರಲ್ಲಿ ಒಂದು! ಅಂದ್ರೆ ಬಾಗಿಲು ತೆಗೆದಿದ್ದೀಯ" ಅಂದ.

"ಸಂದಿ ಅಷ್ಟೇ. ನಿನ್ನದು ನೂರಕ್ಕೆ ಎಷ್ಟು?"

"ನೂ..." ಅಂತ ಶುರು ಮಾಡಿ ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು, ಆ ನೋಟ್‌ಬುಕ್ಕಲ್ಲಿ ಖಾಲಿ ಹಾಳೆ ಉಳಿದಿದೆಯಾ ಅಂತ ಕೇಳಿದ.