ಬೆಲ್ಟ್ ಹೇಳುವ ಸುಳ್ಳು

ಪೊಲೀಸರಿಗೆ ಹೊಟ್ಟೆ ಬಂದಿದ್ದು ಬೆಲ್ಟ್ ನೋಡಿದರೆ ಗೊತ್ತಾಗುವುದಿಲ್ಲ. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಬೆಲ್ಟನ್ನು ಕೆಳಕ್ಕೆ ಜಾರಿಸುತ್ತೇವೆ, ತೂತು ಮಾತ್ರ ಅದೇ. ಮಡಿಕೇರಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿರುವ ನಾನೂ ಹೀಗೇ ಜಾರಿಸುತ್ತಾ ಬಂದವನು. ನಡುವೆ ನಾಲ್ಕು ವರ್ಷ ಸ್ಟೇಷನ್ ರೈಟರ್ (ಠಾಣೆಯ ಬರವಣಿಗೆ ಕೆಲಸ) ಕುರ್ಚಿ ಬೇರೆ. ತಪಾಸಣೆಯ ದಿನ ನರ್ಸ್ ಸೊಂಟಕ್ಕೆ ಟೇಪ್ ಹಿಡಿದರು: 104 ಸೆಂ.ಮೀ. ನಮ್ಮ ಗಂಡಸರಿಗೆ 90 ದಾಟಬಾರದಂತೆ. ಬಿ.ಪಿ. 150/96. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತ ಪರೀಕ್ಷೆಯಲ್ಲಿ (HbA1c) 6.2, ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ‘ಇನ್ನೂ ಹೊಸ್ತಿಲಲ್ಲಿ ಇದ್ದೀರಿ, ಒಳಗೆ ಬರಬೇಡಿ’ ಎಂದರು ಡಾಕ್ಟರು.

ಮಾರನೇ ದಿನವೇ ಹುರುಪಿನಲ್ಲಿ ಅಬ್ಬಿ ಫಾಲ್ಸ್ ರಸ್ತೆಯಲ್ಲಿ ಓಡಿದೆ. ಇಳಿಜಾರಲ್ಲವೇ, ಕಾಲೇಜು ಹುಡುಗನ ಹಾಗೆ ಹೋಯಿತು ದೇಹ. ಒಂಬತ್ತನೇ ದಿನ ಮಂಡಿ ಊದಿಕೊಂಡಿತು. ಇಳಿಯುವಾಗ ಬ್ರೇಕ್ ಹಿಡಿಯುವುದು ತೊಡೆ. ನನ್ನ ತೊಡೆಯೋ ಕುರ್ಚಿಯಲ್ಲೇ ಕರಗಿತ್ತು. ಆಮೇಲೆ ಓಟ ಬಿಟ್ಟೆ. ಏರು ಬಿರುಸಾಗಿ ಹತ್ತುವುದು, ಇಳಿಜಾರಲ್ಲಿ ಪುಟ್ಟ ಹೆಜ್ಜೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಮಳೆಗೆ ಅದೂ ಇಲ್ಲ. ಆಗ ಕೈ ಊರದೆ ಕುರ್ಚಿಯಿಂದ 10 ಸಲ ಏಳು-ಕೂರು, ಹೀಗೆ ಮೂರು ಸುತ್ತು. ಹೆಂಡತಿ ನಕ್ಕಳು, ನಗಲಿ.

ನಿಜವಾದ ಕಳ್ಳ ಸಿಕ್ಕಿದ್ದು ನೈಟ್ ಡ್ಯೂಟಿಯಲ್ಲಿ. ಚಳಿಗೆ ರಾತ್ರಿಗೆ ಆರು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಒಟ್ಟು 12 ಚಮಚ, ಏನಿಲ್ಲೆಂದರೂ 50 ಗ್ರಾಂ. ಜೊತೆಗೆ ಎರಡು ಗಂಟೆಗೆ ಪರೋಟ. ಬೆಳಗ್ಗೆ ಮನೆಗೆ ಬಂದು ಅಕ್ಕಿ ರೊಟ್ಟಿ ತಿಂದು ಮಲಗಿದರೆ ತಿಂದದ್ದೆಲ್ಲ ಹೊಟ್ಟೆಗೇ. ಈಗ ಡ್ಯೂಟಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ಊಟ, ಡಬ್ಬಿಯಲ್ಲಿ ಬೇಯಿಸಿದ ಎರಡು ಮೊಟ್ಟೆ, ಹಿಡಿ ಕಡಲೆ. ಕಾಫಿ ಎರಡೇ, ಸಕ್ಕರೆ ಇಲ್ಲ. ಬೆಲ್ಲದ ಕಾಫಿ ಆಗುತ್ತಲ್ಲ ಎಂದು ಕೇಳಬೇಡಿ, ಸಕ್ಕರೆ ಲೆಕ್ಕದಲ್ಲಿ ಬೆಲ್ಲವೂ ಅದೇ ಜಾತಿ. ಮೊದಲ ವಾರ ತಲೆನೋವು ಬಂತು, ಸಿಡುಕಿದೆ. ಒಬ್ಬ ಅರ್ಜಿದಾರರ ಮೇಲೂ ರೇಗಿದ್ದೆ, ಈಗಲೂ ನಾಚಿಕೆ.

ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿ ಬೆಳಗಿನವರೆಗೂ ನಿಂತೇ ಇರಬೇಕು. ಸುಮ್ಮನೆ ನಿಂತರೆ ರಕ್ತ ಕಾಲಲ್ಲೇ ಇಳಿಯುತ್ತೆ, ಬೂಟು ಬಿಗಿಯುತ್ತೆ. ಅದಕ್ಕೆ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಮೀನಖಂಡ ಹಿಂಡಿ ರಕ್ತವನ್ನು ಮೇಲೆ ನೂಕುತ್ತೆ. ಜನ ಮಂಟಪ ನೋಡುತ್ತಿರುತ್ತಾರೆ, ಪೊಲೀಸಿನವನ ಕಾಲು ಯಾರಿಗೆ ಬೇಕು? ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ ಸಾಕ್ಸ್ ಒಂದು ಜೊತೆ ಇಟ್ಟುಕೊಳ್ಳಿ, ಮಳೆ ಹೇಳಿ ಬರುವುದಿಲ್ಲ.

ಹದಿನಾಲ್ಕು ತಿಂಗಳಿಗೆ ಸೊಂಟ 95, ಸಕ್ಕರೆ 5.8. ಬಿ.ಪಿ. ಮಾತ್ರೆ ಇನ್ನೂ ಇದೆ, ನಾನಾಗಿ ನಿಲ್ಲಿಸುವುದಿಲ್ಲ. ಮದುವೆ ಮನೆಯ ಪಂದಿ ಕರಿ, ಕಡಂಬುಟ್ಟು ಬಿಟ್ಟಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದು ಬಿಟ್ಟಿದ್ದೇನೆ. ಟೇಪನ್ನು ರೈಟರ್ ರೂಮಿನ ಮೊಳೆಗೆ ನೇತುಹಾಕಿದ್ದೇನೆ. ಯಾರೂ ಇಲ್ಲದ ಹೊತ್ತು ನೋಡಿ ಒಬ್ಬೊಬ್ಬರೇ ಒಳಗೆ ಹೋಗುತ್ತಾರೆ, ಹೊರಗೆ ಬಂದು ಏನೂ ಹೇಳುವುದಿಲ್ಲ.