ಬಾರಾ ಕಮಾನಿಗೆ ಗುಮ್ಮಟ ಇಟ್ಟು ನೋಡಿದೆ

ವಿಜಯಪುರದ ಬಾರಾ ಕಮಾನ್ ನೋಡಲು ಬಂದವರೆಲ್ಲ ಕೇಳುವುದು ಒಂದೇ. ಇದು ಪೂರ್ತಿ ಆಗಿದ್ದರೆ ಹೇಗಿರುತ್ತಿತ್ತು? ಸುಲ್ತಾನ ಎರಡನೇ ಅಲಿ ಆದಿಲ್ ಶಾ ತನಗಾಗಿ ಕಟ್ಟಿಸುತ್ತಿದ್ದ ಗೋರಿ ಅದು. 1672ರಲ್ಲಿ ಅವನು ತೀರಿಕೊಂಡ. ಕೆಲಸ ಅರ್ಧಕ್ಕೇ ನಿಂತಿತು. ಅದನ್ನು ವಿಡಿಯೋ ಗೇಮ್ ಮಾಡುವ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್‌ನಲ್ಲಿ ಕಟ್ಟಿ, ಒಳಗೆ ಓಡಾಡಿ ನೋಡುವ ಆಸೆ ನನಗೆ ಮೊದಲಿಂದಲೂ ಇತ್ತು.

ಮೊದಲು ಫೋಟೊ. ಎಲ್ಲ ನೆಲದ ಮೇಲೆ ನಿಂತೇ ತೆಗೆದದ್ದು. ಕಲ್ಲು ಕಪ್ಪು, ಹಾಗಾಗಿ ಬಿಸಿಲಿದ್ದರೆ ಕಮಾನಿನ ಒಳಮೈ ಬರೀ ಕತ್ತಲಾಗಿ ಬರುತ್ತದೆ. ಆಗ ಫೋಟೊಗಳಿಂದ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್‌ಗೆ ಒಂದು ಫೋಟೊವನ್ನು ಇನ್ನೊಂದಕ್ಕೆ ಜೋಡಿಸಲು ಗುರುತೇ ಸಿಗುವುದಿಲ್ಲ. ಮೋಡ ಕವಿದ ದಿನ ಹೋಗಬೇಕು. ಕಟ್ಟೆಯ ಒಂದು ಕಲ್ಲನ್ನು ಟೇಪ್ ಹಿಡಿದು ಅಳೆದುಕೊಂಡರೆ ಇಡೀ ಮಾದರಿಗೆ ಅಳತೆ ಸಿಕ್ಕಂತೆ. ಎಂಜಿನ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಸೆಂಟಿಮೀಟರ್, ಲೆಕ್ಕ ಸುಲಭ. 3ಡಿ ಮಾದರಿ ತಿದ್ದುವ ಬ್ಲೆಂಡರ್‌ನಲ್ಲಿ ಹುಲ್ಲು, ಜನ ಎಲ್ಲ ಅಳಿಸಿ ಎಂಜಿನ್ ಒಳಗೆ ತಂದೆ.

ಇಷ್ಟು ಇದ್ದದ್ದು. ಇನ್ನು ಇಲ್ಲದ್ದು.

ಬಾರಾ ಕಮಾನಿನ ಕಟ್ಟೆ ಒಂದೊಂದು ಬದಿ ಸುಮಾರು 66 ಮೀಟರ್. ಗೋಳಗುಮ್ಮಟದ ಗೋಡೆ ಹೊರಗಿಂದ ಸುಮಾರು 47.5 ಮೀಟರ್. ಅದಕ್ಕೇ ಇದರ ಗುಮ್ಮಟ ಇನ್ನೂ ದೊಡ್ಡದಾಗುತ್ತಿತ್ತು ಅಂತ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಮಾನುಗಳು ಗೋರಿಯ ಸುತ್ತ ಸಾಲುಸಾಲಾಗಿವೆ ಅಲ್ವಾ? ಇದೇ ಊರಿನ ಇನ್ನೊಂದು ಗೋರಿ ಇಬ್ರಾಹಿಂ ರೋಜಾದಲ್ಲಿ ನಡುವಿನ ಕೋಣೆಯ ಸುತ್ತ ಕಮಾನಿನ ಪಡಸಾಲೆ ಇದೆ, ಗುಮ್ಮಟ ನಡುವಿನ ಭಾಗದ ಮೇಲೆ ಮಾತ್ರ. ಇಲ್ಲೂ ಹಾಗೇ ಇದ್ದಿರಬೇಕು ಅಂತ ಹಿಡಿದು ಕಟ್ಟಿದೆ.

ನಮ್ಮ ಓಣಿಯ ಗೌಂಡಿ ಕಾಕಾಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಅವರು ಗುಮ್ಮಟದ ಕಡೆ ನೋಡಲೇ ಇಲ್ಲ. ಮೂಲೆಗೆ ಬೆರಳಿಟ್ಟು, "ತಂಗಿ, ನಡುವಿನ ಕಮಾನಕ್ಕ ಆಚೀಚೆ ಜೋಡಿ ಐತಿ. ಮೂಲ್ಯಾಗಿಂದು ಹೊರಗ ಒದೀತೈತಿ. ಅದಕ್ಕ ಆಸರಾ ಏನು?" ಅಂದರು. ಎಂಜಿನ್‌ನಲ್ಲಿ ಏನು ಇಟ್ಟರೂ ನಿಲ್ಲುತ್ತದೆ, ಭಾರದ ಪ್ರಶ್ನೆಯೇ ಬರುವುದಿಲ್ಲ. ಮೂಲೆಗಳಿಗೆ ದಪ್ಪ ಕಂಬ ಕೊಟ್ಟ ಮೇಲೆ ಇಡೀ ಕಟ್ಟಡಕ್ಕೆ ಬೇರೆಯೇ ಗತ್ತು ಬಂತು.

ನಾನು ಸೇರಿಸಿದ್ದೆಲ್ಲ ಗಚ್ಚಿನ ಬಿಳಿ ಬಣ್ಣದಲ್ಲಿದೆ, ಇದ್ದ ಕಲ್ಲು ಕಪ್ಪಾಗೇ ಇದೆ. ಒಂದು ಕೀ ಒತ್ತಿದರೆ ಬಿಳಿಯದೆಲ್ಲ ಮಾಯ. ಎರಡಕ್ಕೂ ಒಂದೇ ಬಣ್ಣ ಬಳಿದರೆ ನೋಡಲು ಚೆಂದ, ನಿಜ. ಆದರೆ ನನ್ನ ಊಹೆಯನ್ನು ಯಾರೋ ಇತಿಹಾಸ ಅಂದುಕೊಂಡು ಮನೆಗೆ ಹೋಗುತ್ತಾರೆ. ಅದು ನನಗೆ ಬೇಡ.

ಪೂರ್ತಿ ಆಗಿದ್ದರೆ ಬಾರಾ ಕಮಾನಿನ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತು ಅನ್ನುವ ಮಾತು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಎಂಜಿನ್‌ನಲ್ಲಿ ಸೂರ್ಯನ ಜಾಗ ಲೆಕ್ಕ ಹಾಕುವ ಪ್ಲಗಿನ್ ಇದೆ. ಊರಿನ ಅಕ್ಷಾಂಶ, ರೇಖಾಂಶ, ತಾರೀಖು, ಹೊತ್ತು ಕೊಟ್ಟರೆ ಸಾಕು. ಎತ್ತರ 60 ಮೀಟರ್ ಅಂತ ಇಟ್ಟೆ. ಸೂರ್ಯ ದಿಗಂತದಿಂದ 2 ಡಿಗ್ರಿ ಮೇಲಿದ್ದಾಗ ನೆರಳು 1,700 ಮೀಟರ್ ದಾಟುತ್ತದೆ. ಅಂದರೆ ಮುಳುಗುವ ಹೊತ್ತಿಗೆ ಗೋಳಗುಮ್ಮಟದ ಕಡೆ ಚಾಚುವುದು ಸುಳ್ಳೇನಲ್ಲ. ಆದರೆ ಗಡಿಯಾರವನ್ನು ಬೆಳಗಿನ ಹೊತ್ತಿಗೆ ತಿರುಗಿಸಿದರೆ, 51 ಮೀಟರ್ ಎತ್ತರದ ಗೋಳಗುಮ್ಮಟದ ನೆರಳೂ ಹಾಗೇ ಉದ್ದಕ್ಕೆ ಇತ್ತ ಕಡೆ ಬರುತ್ತದೆ.