ಅನುಮಾನದ ಮಚ್ಚೆಗೆ ಸುಣ್ಣ ಹಚ್ಚುವ ಮುನ್ನ

ಮಚ್ಚೆಯ ಮೇಲೆ ಸುಣ್ಣ ಮತ್ತು ಸೋಡಾ ಕಲಸಿ ಇಡುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು, ಕೂದಲಿನಿಂದ ಬಿಗಿದು ಕಟ್ಟಿ ಉದುರಿಸುವುದು ಇಂದಿಗೂ ಕೆಲವು ಮನೆಗಳಲ್ಲಿ ನಡೆಯುತ್ತದೆ. ಇದನ್ನು ಮಾಡಲೇಬಾರದು. ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿದ್ದರೆ, ಮೇಲಿನ ಚರ್ಮ ಸುಟ್ಟು ಗಾಯ ಮಾಯ್ದರೂ ಅಡಿಯಲ್ಲಿ ಉಳಿದ ಕೋಶಗಳು ಬೆಳೆಯುತ್ತಲೇ ಇರುತ್ತವೆ. ಬಯಾಪ್ಸಿಗೆ, ಅಂದರೆ ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆಗೆ, ಬೇಕಾದ ಭಾಗವೂ ಹಾಳಾಗುತ್ತದೆ. ಅಂತರಜಾಲದಲ್ಲಿ ಮಾರುವ ‘ಬ್ಲ್ಯಾಕ್ ಸಾಲ್ವ್’ ಎಂಬ ಕಪ್ಪು ಮುಲಾಮಿನ ಕಥೆಯೂ ಇಷ್ಟೇ. ಅದರಲ್ಲಿ ಸಾಮಾನ್ಯವಾಗಿ ಇರುವ ಜಿಂಕ್ ಕ್ಲೋರೈಡ್ ಆರೋಗ್ಯವಂತ ಚರ್ಮವನ್ನೂ ತಿನ್ನುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಗಮನಿಸುವ ಕೆಲಸ. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ, ಹಗಲಿನ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮಚ್ಚೆಯ ಫೋಟೊ ತೆಗೆದಿಡಿ. ಎರಡು ಅರ್ಧಗಳು ಹೊಂದದಿರುವುದು, ಅಂಚು ಅಂಕುಡೊಂಕಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, 6 ಮಿಲಿಮೀಟರಿಗಿಂತ ಅಗಲವಾಗಿರುವುದು ಅನುಮಾನದ ಲಕ್ಷಣಗಳು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬದಲಾವಣೆ. ನಮ್ಮಲ್ಲಿ ಮೆಲನೋಮ ಅನೇಕ ವೇಳೆ ಅಂಗಾಲು, ಅಂಗೈ ಅಥವಾ ಉಗುರಿನಡಿ ಕಾಣಿಸಿಕೊಳ್ಳುತ್ತದೆ, ಬರಿಗಾಲಲ್ಲಿ ಓಡಾಡುವವರು ಅದನ್ನು ಮುಳ್ಳು ಚುಚ್ಚಿದ ಗುರುತೆಂದು ಸುಮ್ಮನಾಗಿಬಿಡುತ್ತಾರೆ. ಉಗುರಿನ ಕಪ್ಪುಗೆರೆ ಅಗಲವಾಗುತ್ತ ಬುಡದ ಚರ್ಮಕ್ಕೂ ಹರಡಿದರೆ ತಡಮಾಡಬೇಡಿ. ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಸೊಂಟದಲ್ಲಿ ವಾಸಿಯಾಗದೆ ಉಳಿದ ಹುಣ್ಣನ್ನೂ ತೋರಿಸಬೇಕು, ಏಕೆಂದರೆ ಅಲ್ಲಿಯೂ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ.

ಏನನ್ನೂ ಹಚ್ಚದೆ, ಕೆರೆಯದೆ, ಫೋಟೊಗಳೊಂದಿಗೆ ಚರ್ಮವೈದ್ಯರನ್ನು ಕಾಣಿ. ಅವರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪ್ ಎಂಬ ಸಾಧನದಿಂದ ನೋಡಿ, ಅಗತ್ಯವೆನಿಸಿದರೆ ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಕ್ಯಾನ್ಸರೆಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿಯಂತಹ ಸಂಸ್ಥೆಗಳಲ್ಲಿ ಚಿಕಿತ್ಸೆ ಲಭ್ಯವಿದೆ.